ನೋವಿಲ್ಲ ಎಂದವರು

ಆ ಭಾನುವಾರ ಬೆಳಿಗ್ಗೆ ಮಾವನ ದಿಂಬಿನ ಚೀಲ ಬದಲಿಸುತ್ತಿದ್ದ ಸೊಸೆಗೆ ಅದರ ಅಂಚಿನಲ್ಲಿ ರಕ್ತದ ಕಲೆ ಕಂಡಿತು. ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

"ಇದೇನು ಮಾವ, ರಕ್ತ?"

"ಗಡ್ಡ ಹೆರೆಯುವಾಗ ಕುಯ್ದಿರಬೇಕಮ್ಮ."

ಹಿಂದಿನ ಸಂಜೆಯಷ್ಟೇ ಹಾಕಿದ ಚೀಲ ಅದು, ಆ ದಿನದ ಗಡ್ಡ ಹೆರೆಯುವುದು ಇನ್ನೂ ಆಗಿರಲಿಲ್ಲ. ಅವಳ ಗಂಡ ಬಿಸಿನೀರಿನ ಬಟ್ಟಲು ಹಿಡಿದು ಆಗಷ್ಟೇ ಒಳಗೆ ಬರುತ್ತಿದ್ದ. ಅವಳು ಏನೋ ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು.

ಮಾವ ಊರ ಈಜುಕೊಳದಲ್ಲಿ ಬದುಕಿಡೀ ಮಕ್ಕಳಿಗೆ ಈಜು ಕಲಿಸಿದವರು. ಎಲ್ಲರಿಗೂ ಅವರು ಈಜು ಮಾಸ್ತರು. ಹೊಟ್ಟೆಯ ಗಡ್ಡೆ ಬೆನ್ನುಮೂಳೆಗೆ ಹಬ್ಬಿದೆ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು ಎಂದು ಡಾಕ್ಟರು ಮಾತ್ರೆ ಬರೆದು ಮನೆಗೆ ಕಳಿಸಿದ್ದರು. ಮಾಸ್ತರು ಒಂದು ದಿನವೂ ನರಳಲಿಲ್ಲ. "ನಮ್ಮಪ್ಪ ಗಟ್ಟಿ ಪಿಂಡ" ಎಂದು ಮಗ ಬಂದವರೆದುರು ಹೇಳಿಕೊಳ್ಳುತ್ತಿದ್ದ. ಆ ಕೋಣೆ ಮಾತ್ರ ದಿನದಿಂದ ದಿನಕ್ಕೆ ನಿಶ್ಶಬ್ದವಾಗುತ್ತಿತ್ತು. ಕಿಟಕಿಯನ್ನೂ ಅವರೇ ಮುಚ್ಚಿಸಿದ್ದರು.

ಸೊಸೆ ಬಡಾವಣೆಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದಲೇ ಅವಳು ಮಾವನಿಗೊಂದು ಪುಸ್ತಕ ತಂದುಕೊಟ್ಟಿದ್ದಳು. ಸಾಯುತ್ತಿರುವ ಪಿಟೀಲು ಮೇಷ್ಟ್ರೊಬ್ಬರ ಕೊನೆಯ ದಿನಗಳನ್ನು ಶಿಷ್ಯ ಬರೆದ ಪುಸ್ತಕ ಅದು. ಆ ಮೇಷ್ಟ್ರು ಕೊನೆಯ ಪುಟದವರೆಗೂ ನಗುತ್ತಾರೆ, ಬಂದವರಿಗೆಲ್ಲ ಬದುಕಿನ ಪಾಠ ಹೇಳುತ್ತಾರೆ. ಮಾಸ್ತರು ಅದನ್ನು ಕೆಳಗಿಡದೆ ಓದಿದ್ದರು. ಅವರ ಹಳೆಯ ಶಿಷ್ಯನೊಬ್ಬನೂ ಓದಿದ್ದ. ಅವನೀಗ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ. ತನ್ನ ಗುರುವಿನ ಮೇಲೂ ಅಂಥದ್ದೇ ಒಂದು ಪುಸ್ತಕ ಬರೆಯುವ ಆಸೆಯಿಂದ ಅವನು ಸಂಜೆ ಹೊತ್ತು ಬಂದು, ಮಂಚದ ಪಕ್ಕ ಫೋನಿಟ್ಟು, "ಸಾವು ನಿಮಗೇನು ಕಲಿಸ್ತಿದೆ ಸಾರ್?" ಎಂದು ಕೇಳುತ್ತಿದ್ದ. ಮಾಸ್ತರು ಒಪ್ಪವಾದ ಮಾತುಗಳಲ್ಲಿ ಉತ್ತರ ಹೇಳುತ್ತಿದ್ದರು. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಅದೇ ಪುಸ್ತಕದ ಮೇಲೆ ಚರ್ಚೆಯಿತ್ತು. ಏರ್ಪಡಿಸಿದವಳು ಸೊಸೆಯೇ.

ಮೊದಲು ಮಾತಾಡಿದವರು ನಿವೃತ್ತ ಪೋಸ್ಟ್ ಮಾಸ್ಟರು. "ನಾನು ನನ್ನ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾಗಿತ್ತು. ಇದನ್ನ ಓದಿ ಮುಗಿಸಿದವನೇ ಅವನಿಗೆ ಫೋನ್ ಮಾಡ್ದೆ. ಇಬ್ರೂ ಅತ್ವಿ. ಇನ್ನು ಯಾರು ಏನಾದ್ರೂ ಅನ್ಲಿ, ನನ್ನ ಪಾಲಿಗೆ ಇದು ದೊಡ್ಡ ಪುಸ್ತಕ."

"ನಿಮಗೆ ಒಳ್ಳೇದಾಯ್ತಲ್ಲ, ಸಂತೋಷ ಸಾರ್," ಎಂದ ಕಾಲೇಜಿನ ತರುಣ ಉಪನ್ಯಾಸಕ. "ಆದ್ರೆ ಈ ಮಾತುಗಳೆಲ್ಲ ಕ್ಯಾಲೆಂಡರ್ ಹಾಳೇಲೂ ಇರ್ತವೆ. ಪುಟ ತಿರುಗಿಸಿದ್ರೆ ಬರೀ ಬೆಲ್ಲ. ಒಂದು ಕಡೆನೂ ಆ ಮನುಷ್ಯನಿಗೆ ಸಿಟ್ಟು ಬರಲ್ವಾ?"

"ಸಾಯೋರ ಬಾಯಲ್ಲಿ ಬೇವು ತುರುಕ್ಬೇಕೇನಪ್ಪ?" ಎಂದರು ಪೋಸ್ಟ್ ಮಾಸ್ಟರು. ಎಲ್ಲರೂ ನಕ್ಕರು.

ನಗದೆ ಇದ್ದವಳು ಬೇಕರಿಯ ಯಜಮಾನಿ ಒಬ್ಬಳೇ. ಹೋದ ವರ್ಷ ಗಂಡನನ್ನು ಕಳೆದುಕೊಂಡವಳು. ಪುಸ್ತಕವನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ಕೂತಿದ್ದಳು.

"ಇದನ್ನ ಓದಿದ್ಮೇಲೆ, ನಮ್ಮನೆಯವರು ಸರಿಯಾಗಿ ಸಾಯ್ಲಿಲ್ಲ ಅನ್ನಿಸ್ತು ನಂಗೆ," ಎಂದಳು.

ಪೋಸ್ಟ್ ಮಾಸ್ಟರು ಅವಳ ಕಡೆ ತಿರುಗಿದರು.

"ಅವರಿಗೆ ಪಾಠಗೀಠ ಹೇಳೋಕೆ ಬರ್ಲಿಲ್ಲ. ಬೈತಿದ್ರು, ಅಳ್ತಿದ್ರು. ಬಂದ ನೆಂಟರೆಲ್ಲ, ಧೈರ್ಯ ತಗೊಳ್ಳಿ, ನಗ್ತಾ ಇರಿ ಅಂದ್ರು. ಆಮೇಲೆ ಇವರು ಸುಮ್ನಾದ್ರು. ಪರವಾಗಿಲ್ಲ, ಸಮಾಧಾನ ಬಂತು ಅಂದ್ಕೊಂಡೆ. ಸಮಾಧಾನ ಎಲ್ಲಿಂದ? ಕೂಗಬಾರದು ಅಂತ ತುಟಿ ಕಚ್ಕೊಳ್ತಿದ್ರು. ಬೆಳಿಗ್ಗೆ ನೋಡಿದ್ರೆ ದಿಂಬೆಲ್ಲ ರಕ್ತ."

ಸೊಸೆ ಎದ್ದಳು. ಬಾಗಿಲ ಕೀಲಿಯನ್ನು ಉಪನ್ಯಾಸಕನ ಕೈಗೆ ಕೊಟ್ಟು, "ನೀವೇ ಮುಗಿಸಿಬಿಡಿ" ಎಂದವಳೇ ಹೊರಟಳು.

ಮನೆಯಲ್ಲಿ ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಪಕ್ಕದ ಮನೆಯ ಅಜ್ಜಿ ಕಾವಲಿಗೆಂದು ಕೂತು ತೂಕಡಿಸುತ್ತಿದ್ದಳು. ಅವಳನ್ನು ಕಳಿಸಿ ಸೊಸೆ ಕೋಣೆಯ ಬಾಗಿಲು ತಳ್ಳಿದಳು. ಮಾಸ್ತರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೈ ಬಿಲ್ಲಿನಂತೆ ಬಿಗಿದಿತ್ತು. ಮಂಚದ ಪಟ್ಟಿ ಹಿಡಿದ ಬೆರಳ ಗಿಣ್ಣುಗಳು ಬಿಳಿಚಿದ್ದವು. ಸದ್ದು ಮಾತ್ರ ಇಲ್ಲ.

"ಮಾವ, ಬಾಯಿ ತೆಗೀರಿ."

ಅವರು ತೆಗೆಯಲಿಲ್ಲ. ಅವಳೇ ಗಲ್ಲ ಹಿಡಿದು ನೋಡಿದಳು. ಕೆಳತುಟಿಯ ಒಳಗೆ ಹಲ್ಲಿನ ಗಾಯ ಹಸಿಯಾಗಿತ್ತು. ದಿನಾ ಕೊಟ್ಟ ಮಾತ್ರೆಗಳು ಏನಾದವು ಎಂಬ ಅನುಮಾನದಿಂದ ಅವರನ್ನು ಮಗ್ಗುಲು ಮಾಡಿ ಹಾಸಿಗೆ ಎತ್ತಿದರೆ, ಅಡಿಯಲ್ಲಿ ನೋವಿನ ಮಾತ್ರೆಗಳು ಚೆಲ್ಲಿ ಬಿದ್ದಿದ್ದವು. ನುಂಗಿದಂತೆ ಮಾಡಿ ಉಗಿದಿದ್ದರು.

"ಯಾಕೆ ಮಾವ?"

"ಮಾತ್ರೆ ತಗೊಂಡ್ರೆ ಮಂಪರು ಬರುತ್ತಮ್ಮ. ಮಾತು ತೊದಲುತ್ತೆ. ಪುಸ್ತಕ ಬರೆಯೋಕೆ ಅವನು ಅಷ್ಟು ದೂರದಿಂದ ಬರ್ತಾನೆ." ಉಸಿರು ಹಿಡಿದು ಮುಂದುವರಿಸಿದರು. "ಆ ಪಿಟೀಲಿನವರು ನೋಡು, ಎಷ್ಟು ಚೆನ್ನಾಗಿ ಹೋದ್ರು. ನೀನೇ ತಂದುಕೊಟ್ಟೆಯಲ್ಲ. ನಾನು ಹಾಗಿರಲಿ ಅಂತ ತಾನೆ?"

ಅವಳು ಮಂಚದ ಅಂಚಿನಲ್ಲಿ ಕೂತಳು. ಧೈರ್ಯ ಬರಲಿ ಎಂದು ತಂದದ್ದು ನಿಜ. ಆದರೆ ಅವರಿಗೆ ಹೆದರಿಕೆಯಿದೆಯೇ ಎಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಹೆದರಿಕೆ ಆಗುತ್ತಾ ಮಾವ?"

ಮಾಸ್ತರು ಅವಳ ಕೈ ಹಿಡಿದುಕೊಂಡರು. "ತುಂಬಾ," ಎಂದರು.

ಅವಳು ಮಾತ್ರೆ ನುಂಗಿಸಿ, ಗಂಟಲಲ್ಲಿ ಇಳಿಯುವವರೆಗೂ ಲೋಟ ಹಿಡಿದು ನಿಂತಳು. ಡಾಕ್ಟರಿಗೆ ಫೋನ್ ಮಾಡಿದಳು. ಇಂಜೆಕ್ಷನ್ ಕೊಡಲು ನರ್ಸನ್ನು ಕಳಿಸುತ್ತೇನೆ ಎಂದರು. ಅಷ್ಟರಲ್ಲಿ ಶಿಷ್ಯ ಬಂದ. ಅವಳು ಅವನನ್ನು ಹೊಸ್ತಿಲಲ್ಲೇ ತಡೆದು ಎಲ್ಲ ಹೇಳಿದಳು.

"ಅಕ್ಕ, ನಾನು ಒಳ್ಳೇ ಉದ್ದೇಶದಿಂದಲೇ..." ಎಂದ ಅವನು. "ಅವರ ಮಾತಿಂದ ಎಷ್ಟೋ ಜನಕ್ಕೆ ಧೈರ್ಯ ಬರುತ್ತೆ."

"ಬರಬಹುದಪ್ಪ. ಆ ಪುಸ್ತಕದಿಂದ ಅಣ್ಣತಮ್ಮ ಒಂದಾದದ್ದನ್ನ ಇವತ್ತೇ ಕೇಳಿ ಬಂದೆ. ಇಲ್ಲಿ ಮಾತ್ರ ಇವರು ನಿನಗೋಸ್ಕರ ನೋವು ನುಂಗ್ತಿದ್ದಾರೆ. ನನಗೋಸ್ಕರನೂ."

ಅವನ ಮುಖ ಕಪ್ಪಿಟ್ಟಿತು. ವಾಪಸ್ ಹೋಗುತ್ತಾನೆ ಎಂದುಕೊಂಡಳು. ಅವನು ಚಪ್ಪಲಿ ಬಿಟ್ಟು ಒಳಗೆ ನಡೆದ, ಮಂಚದ ಮೇಲೇ ಕೂತ, ಮಾಸ್ತರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ಇವತ್ತು ಏನು ಹೇಳ್ಲಿ?" ಮಾಸ್ತರು ತುಟಿ ಅಗಲಿಸಿ ನಗಲು ನೋಡಿದರು.

"ಏನೂ ಬೇಡ ಸಾರ್. ನಾನು ಮೊದಲನೇ ದಿನ ಆಳದ ಕಡೆ ಹೋಗಿ ಕೈಕಾಲು ಬಡಿದಾಗ ನೀವು ಬೈದಿದ್ದು ಜ್ಞಾಪಕ ಇದೆಯಾ? ಯಾಕೋ ಕೂಗ್ಲಿಲ್ಲ, ಕತ್ತೆ, ಕೂಗಿದ್ರೆ ತಾನೆ ಗೊತ್ತಾಗೋದು ಅಂದ್ರಿ."

ಮಾಸ್ತರ ನಗು ಅಲ್ಲೇ ನಿಂತಿತು. ಮೊದಲು ಗಂಟಲಿಂದ ಸಣ್ಣ ಸದ್ದು ಬಂತು. ಮರುಕ್ಷಣ ಎದೆಯಾಳದಿಂದ ಎದ್ದ ಕೂಗು ಮನೆಯನ್ನೆಲ್ಲ ತುಂಬಿತು. ಅಷ್ಟು ದಿನ ಕೂಡಿಟ್ಟ ಕೂಗು ಅದು. ಶಿಷ್ಯ ಹೆದರಿದ. ಆದರೂ ಕೈ ಬಿಡಲಿಲ್ಲ, ಸುಮ್ಮನಿರಿ ಎನ್ನಲಿಲ್ಲ. "ಇಲ್ಲೇ ಇದ್ದೀನಿ ಸಾರ್, ಇಲ್ಲೇ ಇದ್ದೀನಿ" ಎಂದು ಅಳುತ್ತಾ ಅವರ ಬೆನ್ನು ನೀವುತ್ತಿದ್ದ.

ಸೊಸೆ ಕಿಟಕಿ ತೆರೆದಳು. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. "ಏನಾಯ್ತೇ, ಯಾರು ಕೂಗ್ತಿರೋದು?" ಎಂದಳು ಅಜ್ಜಿ ಗಾಬರಿಯಿಂದ.

"ನಮ್ಮ ಮಾವ, ಅಜ್ಜಿ," ಎಂದಳು ಅವಳು ಗಟ್ಟಿಯಾಗಿ. "ಅವರಿಗೆ ತುಂಬಾ ನೋವಾಗ್ತಿದೆ. ಬನ್ನಿ, ಒಳಗೆ ಬನ್ನಿ."