ಹತ್ತರಲ್ಲಿ ಎರಡು

ನನ್ನ ಬೆನ್ನುನೋವಿಗೆ ತಿಂಗಳಿಗೊಮ್ಮೆ ಮನೆಗೇ ನೋವು ಶಮನದ ಪಾಲಿಯೇಟಿವ್ ಗಾಡಿ ಬರುತ್ತದೆ. ಹತ್ತರಲ್ಲಿ ಎಷ್ಟು ನೋವು ಎಂದು ಸಿಸ್ಟರ್ ಕೇಳುತ್ತಾರೆ, ಹೇಳಿದ ಅಂಕೆ ನೋಡಿ ಗುಳಿಗೆ ಕೊಡುತ್ತಾರೆ. ಕಳೆದ ತಿಂಗಳು ಬಂದ ಹೊಸ ಸಿಸ್ಟರ್ ಶೈಜಾ ಅವರಿಗೆ ಮಲಯಾಳ ಬಿಟ್ಟರೆ ಕನ್ನಡ ಬಾರದು. ವಿದ್ಯಾನಗರದ ಕಚೇರಿಯಲ್ಲಿ ಮಲಯಾಳದವರ ನಡುವೆ ಮೂವತ್ತು ವರ್ಷ ಗುಮಾಸ್ತರಾಗಿದ್ದ ನನ್ನ ಯಜಮಾನರು ದುಭಾಷಿಯಾಗಿ ನಡುವೆ ನಿಂತರು.

"ನೋವು ಎಷ್ಟು ಉಂಟು ಅಂತ ಕೇಳ್ತಾರೆ ಮಾರಾಯ್ತಿ."

"ಇಳಿಯಲೇ ಇಲ್ಲ ಅಂತ ಹೇಳಿ. ಮೊದಲಿನಷ್ಟೇ ಉಂಟು."

ಅವರು ಮಲಯಾಳದಲ್ಲಿ ಹೇಳಿದ್ದೇ ಬೇರೆ: "ನೋವು ಇಳಿದಿದೆ ಅನ್ನುತ್ತಾಳೆ. ಎರಡು ಬರೆಯಿರಿ. ದೊಡ್ಡ ಗುಳಿಗೆ ತಿಂದರೆ ಬರೀ ನಿದ್ದೆ, ದೋಸೆ ಹೊಯ್ಯಲೂ ಏಳುವುದಿಲ್ಲ."

ದೊಡ್ಡ ಗುಳಿಗೆ ನಿಂತಿತು. ಸೀರಿಯಲ್ ನೋಡಿ ನೋಡಿ ನನಗೆ ಮಲಯಾಳ ಬಂದದ್ದು ಯಜಮಾನರಿಗೇನು ಗೊತ್ತು? ಹೊರಗಿನವರ ಎದುರು ಗಂಡನನ್ನು ಸುಳ್ಳುಗಾರನೆನ್ನಲು ಅವತ್ತು ನಾಲಗೆ ಏಳಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಗೋಡೆ ಹಿಡಿದುಕೊಂಡು ದೋಸೆ ಹೊಯ್ದೆ. ಒಂದೊಂದು ದೋಸೆಗೂ ನೋವು ಆ ನಾಲಗೆಯನ್ನು ಮಸೆಯಿತು.

ಮೊನ್ನೆ ಸೋಮವಾರ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಇಂದು ಗಾಡಿ ಬಂದದ್ದೇ ಹಾಸಿಗೆಯಿಂದ ಕೂಗಿದರು: "ಅಯ್ಯೋ, ಒಂಬತ್ತು ಸಿಸ್ಟರ್, ಒಂಬತ್ತು!"

ನಾನು ಬಾಗಿಲು ಹಿಡಿದು ನಿಂತು, ಸ್ಪಷ್ಟವಾದ ಮಲಯಾಳದಲ್ಲಿ ಬಾಯಿ ತೆರೆದೆ.

"ನನಗೆ ಎಂಟು, ಸಿಸ್ಟರ್. ಹೋದ ತಿಂಗಳೂ ಎಂಟೇ."

ಯಜಮಾನರು ನರಳುವುದನ್ನು ಬಿಟ್ಟು ದಿಂಬಿನಿಂದ ತಲೆ ಎತ್ತಿದರು. ನಾನು ಅವರ ಮುಖ ನೋಡುತ್ತಲೇ ಮುಂದುವರಿಸಿದೆ.

"ಇವರಿಗೆ ಎರಡು ಬರೆಯಿರಿ. ದೊಡ್ಡ ಗುಳಿಗೆ ತಿಂದರೆ ಬರೀ ನಿದ್ದೆ. ನನಗೆ ದೋಸೆ ಹೊಯ್ದು ಕೊಡಲೂ ಇವರು ಏಳುವುದಿಲ್ಲ."