ಪಟ್ಟದ ಗೊಂಬೆಯ ಮರಿಮಗಳು

ಧನುಶ್ರೀಗೆ ಆ ಪುಸ್ತಕಗಳ ಹುಚ್ಚು ಹತ್ತಿದ್ದು ಒಂಬತ್ತನೇ ತರಗತಿಯಲ್ಲಿ. ಎಲ್ಲದರಲ್ಲೂ ಒಂದೇ ಕಥೆ. ಕನ್ನಡಕದ ಸಾಧಾರಣ ಹುಡುಗಿ, ಯಾರೂ ಲೆಕ್ಕಕ್ಕಿಡದವಳು. ಒಂದು ದಿನ ಮನೆ ಮುಂದೆ ಉದ್ದನೆಯ ಕಾರು ಬಂದು ನಿಲ್ಲುತ್ತದೆ, ಅದರಿಂದ ಇಳಿದವರು ನೀನು ರಾಜಕುಮಾರಿ ಎನ್ನುತ್ತಾರೆ. ಗುಜರಾತಿನ ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಲ್ಲಿ, ಶಿಫ್ಟ್ ಮುಗಿಸಿ ಬಂದ ಅಪ್ಪ ಹಗಲಲ್ಲೇ ಮಲಗುವ ಆ ಮೂರನೇ ಮಹಡಿಯ ಕ್ವಾರ್ಟರ್ಸ್‌ನಲ್ಲಿ, ಅವಳಿಗೂ ಕನ್ನಡಕವಿತ್ತು.

ಶಾಲೆಯಿಂದ ವಡೋದರದ ಅರಮನೆ ನೋಡಲು ಹೋಗಿದ್ದಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವಳು ಗುಜರಾತಿ ಸಹಪಾಠಿ ಪೂರ್ವಿ. ಧನುಶ್ರೀಯ ಫೋನಿನಲ್ಲಿ ಹಳೆಯ ಫೋಟೋಗಳನ್ನು ನೋಡುತ್ತಾ, "ಇವರು ಯಾರು?" ಎಂದಳು. ಹಿಂದಿನ ದಸರೆಯ ಪಟ್ಟದ ಗೊಂಬೆಗಳು ಅವು: ಚಂದನದ ರಾಜ, ರಾಣಿ, ಜರಿಪೇಟ, ಸಣ್ಣ ಸೀರೆ. ಅಮ್ಮನಿಗೆ ಮದುವೆಯಲ್ಲಿ ನಂಜನಗೂಡಿನ ತವರಿನವರು ಕೊಟ್ಟಿದ್ದು. ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಇರುವಂಥವೇ. ಅದು ಧನುಶ್ರೀಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು, "ನಮ್ಮ ಮುತ್ತಜ್ಜ, ಮುತ್ತಜ್ಜಿ. ಪಟ್ಟಕ್ಕೆ ಕೂತಾಗ ಮಾಡಿಸಿದ್ದು. ಯಾರಿಗೂ ಹೇಳಬೇಡ."

ಪೂರ್ವಿ ಬೇರೆ ಯಾರಿಗೂ ಹೇಳಲಿಲ್ಲ. ತಾನು 'ಬಾ' ಎಂದು ಕರೆಯುವ ಅಜ್ಜಿಗೆ ಮಾತ್ರ ಹೇಳಿದಳು.

ಈ ಸಲದ ನವರಾತ್ರಿಯ ಒಂದು ಸಂಜೆ ಪೂರ್ವಿಯ ಬಾ, ಗರಬಾ ನೃತ್ಯಕ್ಕೆ ಹೋಗುವ ಮೊದಲು, ಮೊಮ್ಮಗಳ ಜೊತೆ ಮೊಣಕಾಲು ನೋವಿನಲ್ಲೂ ಮೂರು ಮಹಡಿ ಹತ್ತಿ ಬಂದರು. ಕೈಯಲ್ಲಿ ಜರಿಯಂಚಿನ ಪುಟ್ಟ ಕೆಂಪು ಚೂಂದಡಿ, ದೇವಿಗೆ ಹೊದಿಸುವ ವಸ್ತ್ರ. ಗೊಂಬೆಯ ಮೆಟ್ಟಿಲ ಮುಂದೆ ಚಪ್ಪಲಿ ಇಲ್ಲದ ಪಾದ ಜೋಡಿಸಿ, ಸೆರಗು ತಲೆಗೆಳೆದು ಕೈಮುಗಿದರು. "ನಿನ್ನ ಮುತ್ತಜ್ಜಿಗೆ ಹೊದಿಸಲಾ ಬೇಟಾ? ನೀನು ಹೂಂ ಅಂದರೆ ಮಾತ್ರ," ಎಂದು ಗುಜರಾತಿಯಲ್ಲಿ ಕೇಳಿದರು.

ಧನುಶ್ರೀಯ ಕಿವಿ ಬಿಸಿಯಾಯಿತು. ಹೂಂ ಎಂದಳು. ಬಾ ಅದನ್ನು ರಾಣಿಯ ಹೆಗಲಿಗೆ ಹೊದಿಸಿದರು. ಅಮ್ಮ ಮಂದಾಕಿನಿ ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದದ್ದೇ ಪುಣ್ಯ ಎನಿಸಿತು. ಅಮ್ಮ ಹೊರಗೆ ಬರುವುದರೊಳಗೆ ಇವರು ಹೊರಟರೆ ಸಾಕಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕಮಲಾಕ್ಷಿ ಆಂಟಿ. ವಡೋದರದ ಅಲ್ಕಾಪುರಿಯ ಬ್ಯಾಂಕಿಗೆ ವರ್ಗವಾಗಿ ಬಂದವರ ಹೆಂಡತಿ. ಜೊತೆಗೆ ಮಗಳು ಚಿನ್ಮಯಿ. ಕಮಲಾಕ್ಷಿ ಮೆಟ್ಟಿಲನ್ನು ನೋಡಿದವರೇ ಅಡುಗೆಮನೆಯ ಕಡೆ ಕೂಗಿದರು: "ಮಂದಾಕಿನಿ, ನಮ್ಮನೆ ರಾಜನೂ ಥೇಟ್ ಹೀಗೇ ಕಣೇ. ಟ್ರಾನ್ಸ್‌ಫರ್ ಲಾರೀಲಿ ಒಂದು ಕಡೆ ಮೀಸೆ ಉಜ್ಜಿಹೋಯ್ತು. ಅರ್ಧ ಮೀಸೇಲೇ ದರ್ಬಾರು ನಡೆಸ್ತಿದಾನೆ."

"ಆ ಆಂಟಿ ಏನಂದ್ರು?" ಪೂರ್ವಿ ಕೇಳಿದಳು. ಬಾ ಕೂಡ ಮುಖವೆತ್ತಿ ಕಾದರು.

ಗೊತ್ತಿಲ್ಲ ಎನ್ನಬಹುದಿತ್ತು. "ಅವರ ಹಿರಿಯರು ನಮ್ಮ ಅರಮನೇಲಿ ಕೆಲಸಕ್ಕಿದ್ದರಂತೆ. ಅದನ್ನ ನೆನೆಸಿಕೊಳ್ತಿದಾರೆ," ಎಂದಳು ಧನುಶ್ರೀ ಗುಜರಾತಿಯಲ್ಲಿ.

ಹೇಳಿ ಮುಗಿಸಿದ ಮೇಲೆ ಚಿನ್ಮಯಿಯ ಮುಖ ಕಂಡಿತು. ಚಿನ್ಮಯಿ ಹುಟ್ಟಿದ್ದು ಅಹಮದಾಬಾದಿನಲ್ಲಿ, ಬೆಳೆದದ್ದು ಸೂರತ್ತಿನಲ್ಲಿ. ಅವಳಿಗೆ ಕನ್ನಡಕ್ಕಿಂತ ಗುಜರಾತಿಯೇ ಸಲೀಸು; ಅವಳ ಅಮ್ಮನಿಗೆ ಮಾತ್ರ ಇಷ್ಟು ವರ್ಷವಾದರೂ ಗುಜರಾತಿ ಹತ್ತಿರಲಿಲ್ಲ. ಅವಳು ಧನುಶ್ರೀಯನ್ನು ನೋಡಿದಳು, ಅಷ್ಟೆ.

ಕುರ್ಚಿಗಳು ಸಾಲದೆ ಕಮಲಾಕ್ಷಿ ಆಂಟಿ ನೆಲದ ಮೇಲೆ ಕೂತರು, ತಮ್ಮ ಮನೆ ಎಂಬಂತೆ. ಅಮ್ಮ ಒಳಗಿನಿಂದ ಉಸಲಿಯ ತಟ್ಟೆ ಚಾಚಿದಾಗ ಎದ್ದು ತಾವೇ ಎಲ್ಲರಿಗೂ ಹಂಚಿದರು. ಬೇರೆ ದಿನವಾಗಿದ್ದರೆ ಅದು ಸಲುಗೆ. ಈಗ ಅವರು ಬಗ್ಗಿದ್ದು, ಎದ್ದದ್ದು ಎಲ್ಲವೂ ಧನುಶ್ರೀಯ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು. ಬಾ ಮಾತ್ರ ತಮ್ಮ ಪಕ್ಕದ ಜಾಗ ತಟ್ಟಿ, "ಇಲ್ಲಿ ಕೂರು ಬೆಹನ್, ಈಗಿನ ಕಾಲದಲ್ಲಿ ಅದೆಲ್ಲ ಇಲ್ಲ," ಎಂದರು. ಕಮಲಾಕ್ಷಿ ಆ ಗುಜರಾತಿ ಅರ್ಥವಾಗದೆ ನಕ್ಕರು.

ಪೂರ್ವಿ ಉಸಲಿ ತಿಂದು ಮುಗಿಸಿದಳು. ಗೊಂಬೆಗಳ ಮೇಲಿಟ್ಟ ಕಣ್ಣು ತೆಗೆಯದೆ, ಎಂಜಲು ತಟ್ಟೆಯನ್ನು ಕಮಲಾಕ್ಷಿಯ ಕಡೆ ಚಾಚಿದಳು. ಕಮಲಾಕ್ಷಿ ಮಗುವಿನ ತಟ್ಟೆ ಎಂಬಂತೆ ಅದನ್ನು ತೆಗೆದುಕೊಂಡರು.

ಆ ಪುಸ್ತಕಗಳಲ್ಲಿ ರಾಜಕುಮಾರಿಯ ತಟ್ಟೆಯನ್ನು ಯಾರೋ ಎತ್ತುತ್ತಿದ್ದರು. ಅವರು ಯಾರೆಂದು ಧನುಶ್ರೀ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎದ್ದು ಹೋಗಿ ಆಂಟಿಯ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಸುಳ್ಳು ಹೇಳಿದೆ ಬಾ," ಎಂದಳು ಗುಜರಾತಿಯಲ್ಲಿ. ದನಿ ಸಣ್ಣಗಿತ್ತು. "ಇವು ಬರೀ ಗೊಂಬೆ. ಇವರ ಮನೇಲೂ ಇವೆ. ನಾವು ರಾಜರಲ್ಲ. ಇವರ ಕಡೆಯವರು ಕೆಲಸಕ್ಕೂ ಇರಲಿಲ್ಲ."

ಪೂರ್ವಿಯ ಬಾಯಿ ತೆರೆದೇ ಇತ್ತು. ಬಾ ರಾಣಿಯ ಹೆಗಲ ಮೇಲಿನ ಚೂಂದಡಿಯನ್ನು ನೋಡಿದರು, ತೆಗೆಯಲಿಲ್ಲ.

"ಏನಂತೇ ಅದು? ಯಾಕೆ ಅಳ್ತಿದೀಯ?" ಕಮಲಾಕ್ಷಿ ಕೇಳಿದರು.

ಚಿನ್ಮಯಿ ಹೇಳಿಬಿಡುತ್ತಾಳೆಂದು ಧನುಶ್ರೀ ಕಾದಳು. ಚಿನ್ಮಯಿ ತನ್ನ ಒಡಕು ಕನ್ನಡದಲ್ಲಿ, "ನೀನೇ ಹೇಳು," ಎಂದಳು.

ಕನ್ನಡದಲ್ಲಿ ಅದೇ ಮಾತು ಇನ್ನೂ ಕೊಳಕಾಗಿ ಕೇಳಿಸಿತು. "ನಿಮ್ಮನ್ನ ನಮ್ಮನೆ ಆಳಿನ ವಂಶದವರು ಅಂತ ಹೇಳಿದೆ ಆಂಟಿ. ನಾನು ರಾಜಕುಮಾರಿ ಅಂತ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು.

ಕಮಲಾಕ್ಷಿ ತಮ್ಮ ತಟ್ಟೆಯಲ್ಲಿ ಉಳಿದಿದ್ದ ಉಸಲಿ ತಿಂದು ಮುಗಿಸಿದರು. ಆಮೇಲೆ, "ಸರಿ ಮಹಾರಾಣಿ, ಹಾಗಾದ್ರೆ ಇವತ್ತು ಪಾತ್ರೆ ನಿಂದೇ," ಎಂದು ತಮ್ಮ ತಟ್ಟೆಯನ್ನೂ ಅವಳ ಕೈಗಿಟ್ಟರು. ಬಾ ಅರ್ಥ ಕೇಳಿದರು, ಚಿನ್ಮಯಿ ಹೇಳಿದಳು, ಇಬ್ಬರು ಹೆಂಗಸರೂ ನಕ್ಕರು. ಅಮ್ಮ ನಗಲಿಲ್ಲ. ಧನುಶ್ರೀ ತಟ್ಟೆ ತೊಳೆಯುತ್ತಿದ್ದ ಸಿಂಕಿನ ಬಳಿಗೆ ಬಂದು, ಉಸಲಿಯ ಬಾಣಲೆಯನ್ನೂ ಅಲ್ಲಿಟ್ಟು, ಮಗಳ ಮುಖ ನೋಡದೆ ಹೋದಳು.

ಚಿನ್ಮಯಿ ಬಟ್ಟೆ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ತೊಳೆದ ತಟ್ಟೆ ಒರೆಸುತ್ತಾ, "ನಾಳೆ ನಮ್ಮನೆ ಆರತಿಗೆ ನಿಮ್ಮನ್ನೆಲ್ಲ ಕರೆಯೋಕೇ ಬಂದಿದ್ವಿ. ಪೂರ್ವಿಯನ್ನೂ ಕರ್ಕೊಂಡು ಬಾ," ಎಂದಳು ಗುಜರಾತಿಯಲ್ಲಿ. "ಅರ್ಧ ಮೀಸೆಯವನನ್ನ ತೋರಿಸ್ತೀನಿ."

ಧನುಶ್ರೀ ತಲೆಯಾಡಿಸಿದಳು. ಕನ್ನಡಕ ಮಸುಕಾಗಿತ್ತು, ಕೈ ಒದ್ದೆಯಿದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ. ಬಾಣಲೆ ಉಜ್ಜತೊಡಗಿದಳು.