ಅದಲುಬದಲು

ಎರಡು ಸೆನ್ಸರುಗಳನ್ನು ಅದಲುಬದಲು ಮಾಡಿದರೆ ಸುಳ್ಳು ಹೇಳುತ್ತಿರುವುದು ಯಾರೆಂದು ತಿಳಿದುಬಿಡುತ್ತದೆ. ಕೃಷ್ಣಪ್ರಸಾದ ಬ್ಲೋವರ್ ನಿಲ್ಲಿಸಿ ಅದರ ಎಡಗಡೆಯ ಸೆನ್ಸರನ್ನು ಬಿಚ್ಚಿ ಬಲಗಡೆಗೆ ಹಾಕಿದ, ಬಲಗಡೆಯದನ್ನು ಎಡಕ್ಕೆ. ಎಡಗಡೆ ಏರಿದ್ದ ಅದುರಾಟದ ಅಂಕಿಯೂ ಬಲಕ್ಕೆ ಹೋದರೆ ಸೆನ್ಸರು ಕೆಟ್ಟಿದೆ. ಎಡದಲ್ಲೇ ಉಳಿದರೆ ಒಳಗಿನ ಬೇರಿಂಗು.

ಚೆನ್ನೈನ ಗಿಂಡಿಯ ಆ ಕಾರ್ಖಾನೆಯಲ್ಲಿ ಕುಲುಮೆಗೆ ಗಾಳಿ ಊದುವ ಬ್ಲೋವರ್ ಒಂದು ವಾರದಿಂದ ಅಲಾರಂ ಹೊಡೆಯುತ್ತಿತ್ತು. ಯಂತ್ರ ಚೆನ್ನಾಗಿದೆ, ನಿಮ್ಮ ಸೆನ್ಸರೇ ಸರಿಯಿಲ್ಲವೆಂದು ಕಾರ್ಖಾನೆಯವರ ದೂರು. ಸೆನ್ಸರು ಹಾಕಿದ ಕಂಪನಿಯ ಇಂಜಿನಿಯರ್ ಕೃಷ್ಣಪ್ರಸಾದನಿಗೆ ಅವರ ಮೇಲೂ ನಂಬಿಕೆಯಿರಲಿಲ್ಲ, ಸೆನ್ಸರಿನ ಮೇಲೂ ಇರಲಿಲ್ಲ. ಬೆಳಿಗ್ಗೆ ತಂತಿಗಳ ಪೆಟ್ಟಿಗೆ ತೆರೆದಾಗ ಒಂದು ಸ್ಕ್ರೂ ಸಡಿಲವಾಗಿತ್ತು. ತಾನಾಗಿ ಸಡಿಲವಾಯಿತೋ, ಯಾರಾದರೂ ಸಡಿಲಿಸಿದರೋ? ಬಿಗಿ ಮಾಡಿದ. ಅಲಾರಂ ನಿಲ್ಲಲಿಲ್ಲ.

ಅನುಮಾನಪಡುವುದೇ ಅವನ ಕೆಲಸವಾಗಿತ್ತು. ಮನೆಗೆ ಹೋದಮೇಲೂ ಅದು ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಮಾನಸ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದಳು. ಏನು ಎಂದು ಕೇಳಿದ್ದಕ್ಕೆ ಏನಿಲ್ಲ ಎಂದಳು. ಮೆಟ್ರೋದಲ್ಲಿ ಬರುವಾಗ ದಾರಿಯುದ್ದಕ್ಕೂ ಆ 'ಏನಿಲ್ಲ'ವನ್ನು ಅವನು ತಿರುಗಿಸಿ ಮುರುಗಿಸಿ ನೋಡಿದ್ದ. ಹೆಂಡತಿಯ ಮಾತನ್ನು ಅದಲುಬದಲು ಮಾಡಿ ಪರೀಕ್ಷಿಸುವುದು ಹೇಗೆಂದು ಹೊಳೆದಿರಲಿಲ್ಲ.

ಬ್ಲೋವರ್ ಮತ್ತೆ ತಿರುಗಿತು. ಅಂಕಿ ಎಡದಲ್ಲೇ ಏರಿತು. ಅಲಾರಂ ಹೊಡೆಯಿತು.

ಎಷ್ಟೋ ದಿನಗಳ ಮೇಲೆ ಒಂದು ವಿಷಯ ಅವನಿಗೆ ಖಚಿತವಾಗಿ ತಿಳಿದಿತ್ತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೆಟ್ಟ ಬೇರಿಂಗು ಬಿಸಿಯೇರುತ್ತ ಹೋಗಿ, ಯಾವಾಗ ಬೇಕಾದರೂ ಕಚ್ಚಿಕೊಂಡು ಶಾಫ್ಟು ಮುರಿದು ಸಿಡಿಯಬಹುದು. ಬ್ಲೋವರ್ ನೋಡಿಕೊಳ್ಳುವ ಏಳುಮಲೈ ಕೂರುವ ಸ್ಟೂಲು ಎಡಗಡೆಯಲ್ಲೇ ಇತ್ತು.

ಕಾರ್ಖಾನೆಯ ಮ್ಯಾನೇಜರ್ ಸದಾನಂದರು ಬಂದರು. ಕುಂದಾಪುರದ ಕಡೆಯವರು. ಎಲ್ಲರೆದುರು ತಮಿಳಿನಲ್ಲಿ ಏನಾಯಿತೆಂದು ವಿಚಾರಿಸಿ, ಹೆಗಲ ಮೇಲೆ ಕೈಯಿಟ್ಟು ಬದಿಗೆ ಕರೆದೊಯ್ದಮೇಲೆ ಕನ್ನಡಕ್ಕೆ ಇಳಿದರು. ಇತರರಿಗೆ ತಿಳಿಯಬಾರದ್ದಿದ್ದಾಗ ಮಾತ್ರ ಅವರಿಗೆ ಕನ್ನಡ ನೆನಪಾಗುತ್ತಿತ್ತು.

"ಶನಿವಾರ ಮಾಲು ಹೋಗ್ಬೇಕು ಮಾರಾಯ್ರೆ. ಬ್ಲೋವರ್ ನಿಲ್ಸಿದ್ರೆ ಕುಲುಮೆ ನಿಂತ ಹಾಗೆ. ಸೆನ್ಸರ್ ಸರಿ ಇಲ್ಲ ಅಂತ ಹೇಳ್ಬಹುದಲ್ಲ?"

"ಅದಲುಬದಲು ಮಾಡಿ ನೋಡ್ದೆ ಸಾರ್."

"ನೋಡಿದ್ದು ನೀವೊಬ್ರೇ ಅಲ್ವಾ?" ಸದಾನಂದರು ನಕ್ಕರು. "ಹೇಗೂ ನಾವಿಬ್ರೂ ಕನ್ನಡದವ್ರೇ."

ಇವರಿಗೆ ಮೊದಲೇ ಗೊತ್ತಿತ್ತು. ಸ್ಕ್ರೂ ಸಡಿಲಿಸಿದ್ದೂ ಇವರೇ ಇರಬಹುದು. ಅಥವಾ ನಗುವುದು ಇವರ ಅಭ್ಯಾಸವಷ್ಟೇ ಇರಬಹುದು. ಇಷ್ಟು ಯೋಚಿಸುವಷ್ಟರಲ್ಲಿ ಕೃಷ್ಣಪ್ರಸಾದನ ಬಾಯಿ ಆಡಿಬಿಟ್ಟಿತ್ತು.

"ಎರಡು ದಿನ ನೋಡೋಣ ಸಾರ್. ಸೆನ್ಸರ್ ಮೇಲೂ ಸ್ವಲ್ಪ ಅನುಮಾನ ಇದೆ."

ಅವನಿಗೆ ಈಗ ಯಾವ ಅನುಮಾನವೂ ಇರಲಿಲ್ಲ. ಇದೆ ಎಂದು ಹೇಳಿದ್ದು ಅದೇ ಮೊದಲು.

ಅಲ್ಲಿಯವರೆಗೆ ಅಲಾರಂ ಹೊಡೆಯದ ಹಾಗೆ ಮಾಡಿ ಎಂದು ಸದಾನಂದರು ಹೇಳಿ ಹೋದರು. ಅಪಾಯದ ಮಿತಿಯನ್ನು ಮೇಲಕ್ಕೇರಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಂಪು ದೀಪ ಹಸಿರಾಯಿತು. ಅಂಕಿ ಇದ್ದಲ್ಲೇ ಇತ್ತು.

ಊಟದ ಹೊತ್ತಾಗಿತ್ತು. ಏಳುಮಲೈಗೆ ಏನಾದರೂ ಹೇಳಬೇಕು, ಸ್ಟೂಲನ್ನಾದರೂ ಆ ಕಡೆ ಹಾಕಿಕೋ ಎನ್ನಬೇಕು ಎಂದುಕೊಂಡು ಅವನ ಬಳಿ ಹೋದ. ಏಕೆ ಎಂದು ಕೇಳಿದರೆ? ಅವನು ಹೋಗಿ ಸದಾನಂದರಿಗೆ ಹೇಳಿದರೆ? ಇವನೂ ಅವರ ಮನುಷ್ಯನೇ ಆಗಿದ್ದರೆ?

ಏಳುಮಲೈ ಬೇರಿಂಗಿನ ಕವಚದ ಮೇಲಿನಿಂದ ಬಟ್ಟೆ ಹಿಡಿದು ಸ್ಟೀಲಿನ ಡಬ್ಬಿಯೊಂದನ್ನು ಇಳಿಸಿದ. ಊಟ ಬಿಸಿ ಮಾಡಲು ದಿನವೂ ಅಲ್ಲೇ ಇಡುತ್ತಾನಂತೆ. ಮೊದಲೆಲ್ಲ ಬೆಚ್ಚಗಾಗುತ್ತಿತ್ತಷ್ಟೇ, ಈಗೀಗ ಒಲೆಯಿಂದ ಇಳಿಸಿದ ಹಾಗಿರುತ್ತದಂತೆ. ತಮಿಳಿನಲ್ಲಿ ಹೀಗೆ ಹೇಳುವಾಗ ಅವನ ಮುಖದಲ್ಲಿ ಸಣ್ಣದೊಂದು ಹೆಮ್ಮೆಯಿತ್ತು. ಮುಚ್ಚಳಕ್ಕೆ ಒಂದಿಷ್ಟು ಸಾಂಬಾರನ್ನ ಹಾಕಿ ಮುಂದೆ ಹಿಡಿದ.

"ಸಾಪ್ಡುಂಗ ಸಾರ್."

ಹಬೆ ಏಳುತ್ತಿತ್ತು. ಏಳುಮಲೈ ಸರಿದು ಸ್ಟೂಲಿನ ಮೇಲೆ ಜಾಗ ಮಾಡಿಕೊಟ್ಟ. ಕೃಷ್ಣಪ್ರಸಾದ ಅದರ ತುದಿಯಲ್ಲಿ ಕೂತು, ತುತ್ತನ್ನು ಊದಿ ಊದಿ ತಿನ್ನತೊಡಗಿದ.